ಡಬ್ಬದ ಮೇಲಿನ ಸಾಲು, ಜೇಬಿನೊಳಗಿನ ಕಾರ್ಡು: ಮುಕ್ತ ಆಡಿಯೊ ಓದುವ ಪ್ಲೇಯರ್ ಆರಿಸುವುದು ಹೇಗೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದಾದರೂ ಅಂಗಡಿಗೆ ಹೋಗಿ, ಜೇಬಿನಲ್ಲಿಡುವಂಥ ಮ್ಯೂಸಿಕ್ ಪ್ಲೇಯರ್ ಬೇಕು ಅನ್ನಿ. ಮೂರು ಡಬ್ಬ ತೆಗೆದು ಮುಂದಿಡುತ್ತಾರೆ. ಮೂರರ ಹಿಂಬದಿಯಲ್ಲೂ ಹೆಚ್ಚುಕಡಿಮೆ ಒಂದೇ ಸಾಲು ಅಚ್ಚಾಗಿರುತ್ತದೆ: ಎಂಪಿ3, ಡಬ್ಲ್ಯುಎಂಎ, ವೇವ್, ಎಪಿಇ, ಫ್ಲ್ಯಾಕ್, ಓಗ್. ‘ಎಲ್ಲಾ ಓಡುತ್ತೆ ಸಾರ್’ ಅನ್ನುತ್ತಾರೆ. ಅದು ಸುಳ್ಳೇನಲ್ಲ. ಆದರೆ ಆ ಸಾಲಿನ ಒಂದೊಂದು ಪದದ ಹಿಂದೆಯೂ ನಾಲ್ಕಾರು ಪ್ರಶ್ನೆಗಳಿವೆ. ಓಗ್ ಅಂದರೆ ಯಾವ ಓಗ್? ಫ್ಲ್ಯಾಕ್ ಎಷ್ಟು ಬಿಟ್‌ವರೆಗೆ? ನಾಲ್ಕು ಗಂಟೆಯ ಫೈಲು ತೆರೆಯುತ್ತದೆಯೇ? ಹೆಸರು ಕನ್ನಡದಲ್ಲಿದ್ದರೆ ಓದಲು ಬರುತ್ತದೆಯೇ? ಡಬ್ಬ ಇದನ್ನೆಲ್ಲ ಹೇಳುವುದಿಲ್ಲ, ಮಾರುವವರಿಗೂ ಗೊತ್ತಿರುವುದು ಕಡಿಮೆ. ಪರೀಕ್ಷೆಯ ಫೈಲುಗಳಿರುವ ಒಂದು ಮೈಕ್ರೊಎಸ್‌ಡಿ ಕಾರ್ಡನ್ನು ಮನೆಯಲ್ಲೇ ತಯಾರಿಸಿ ಜೇಬಿನಲ್ಲಿಟ್ಟುಕೊಂಡು ಹೋದರೆ ಹದಿನೈದು ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತದೆ. ಇವತ್ತಿನ ಮಾತಿನ ಹೆಚ್ಚು ಪಾಲು ಆ ಕಾರ್ಡಿನ ಬಗ್ಗೆಯೇ.

ಯಾವುದನ್ನು ಮುಕ್ತ ಅನ್ನಬೇಕು

ಒಂದು ಆಡಿಯೊ ರೂಪ ಮುಕ್ತ ಅನ್ನಿಸಿಕೊಳ್ಳಬೇಕಾದರೆ ಎರಡು ಶರತ್ತು. ಅದರ ಪೂರ್ಣ ವಿವರ ಯಾರಿಗೆ ಬೇಕಾದರೂ ಸಿಗಬೇಕು. ಅದನ್ನು ಓದುವ, ಬರೆಯುವ ತಂತ್ರಾಂಶ ಮಾಡುವವರು ಯಾರಿಗೂ ಪೇಟೆಂಟ್ ಶುಲ್ಕ ಕಟ್ಟುವಂತಿರಬಾರದು. ಎಂಪಿ3 ಮೊದಲನೆಯದರಲ್ಲಿ ಪಾಸಾಗಿತ್ತು, ಎರಡನೆಯದರಲ್ಲಿ ನಪಾಸಾಗಿತ್ತು. 1998ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಎಂಪಿ3 ತಂತ್ರಾಂಶ ಮಾಡುವವರಿಗೆ ಶುಲ್ಕದ ಪತ್ರ ಬರೆದ ಮೇಲೆಯೇ ಕ್ರಿಸ್ ಮಾಂಟ್‌ಗೊಮೆರಿ ಅವರ ವೋರ್ಬಿಸ್ ಎಂಬ ಶುಲ್ಕವಿಲ್ಲದ ಆಡಿಯೊ ರೂಪದ ಕೆಲಸ ಚುರುಕಾದದ್ದು. ಅದರ 1.0 ಆವೃತ್ತಿ ಬಂದದ್ದು 2002ರ ಜುಲೈನಲ್ಲಿ. ಜೋಶ್ ಕೋಲ್ಸನ್ ಬರೆದ, ದನಿಯಲ್ಲಿ ಏನನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್‌ನ 1.0 ಅದಕ್ಕೂ ಒಂದು ವರ್ಷ ಮೊದಲೇ ಬಂದಿತ್ತು. 2003ರಲ್ಲಿ ಅದೂ ವೋರ್ಬಿಸ್‌ನ ಮನೆಯಾದ ಝಿಫ್ ಪ್ರತಿಷ್ಠಾನವನ್ನು ಸೇರಿಕೊಂಡಿತು. ಓಪಸ್ ಎಂಬ ಇನ್ನೊಂದು ಮುಕ್ತ ರೂಪ 2012ರಲ್ಲಿ ಆರ್‌ಎಫ್‌ಸಿ 6716 ಎಂಬ ಅಂತರಜಾಲ ಮಾನಕವಾಯಿತು. ಫ್ಲ್ಯಾಕ್‌ಗೆ ಅಂಥದೇ ಮುದ್ರೆ, ಆರ್‌ಎಫ್‌ಸಿ 9639, ಬಿದ್ದದ್ದು ಮಾತ್ರ 2024ರ ಡಿಸೆಂಬರ್‌ನಲ್ಲಿ. ಫ್ಲ್ಯಾಕ್‌ನಂತೆಯೇ ಏನನ್ನೂ ಕಳೆಯದ ತನ್ನ ಎಎಲ್‌ಎಸಿ ರೂಪವನ್ನು ಆಪಲ್ 2011ರಲ್ಲಿ ಅಪಾಚೆ ಎಂಬ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು.

ಎಂಪಿ3ಯ ಪರವಾನಗಿ ವ್ಯವಹಾರವೂ 2017ರ ಏಪ್ರಿಲ್‌ನಲ್ಲಿ ಮುಗಿಯಿತು. ಈಗ ಅದಕ್ಕೂ ಶುಲ್ಕವಿಲ್ಲ. ಹಾಗಾದರೆ ಉಳಿದವು ಯಾಕೆ ಬೇಕು? ಎಂಪಿ3 1990ರ ದಶಕದ ಆರಂಭದ ವಿದ್ಯೆ. ಅಷ್ಟೇ ಜಾಗದಲ್ಲಿ ಓಪಸ್ ಅದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ, ಹಾಡುಗಳ ನಡುವೆ ತುಂಡಾಗುವುದಿಲ್ಲ, ಕನ್ನಡದ ಹೆಸರು ಬರೆದರೆ ಎಡವಟ್ಟಾಗುವುದೂ ಕಡಿಮೆ. ಈ ಮೂರೂ ಕಾರಣ ಮುಂದೆ ಒಂದೊಂದಾಗಿ ಬರುತ್ತವೆ.

ನಮ್ಮ ಸಲಹೆ ಇಷ್ಟು: ಮನೆಯ ಕಂಪ್ಯೂಟರಿನಲ್ಲಿ ಮೂಲಪ್ರತಿ ಫ್ಲ್ಯಾಕ್‌ನಲ್ಲಿರಲಿ, ಜೇಬಿನ ಪ್ರತಿ ಓಪಸ್ ಅಥವಾ ವೋರ್ಬಿಸ್‌ನಲ್ಲಿರಲಿ. ಫ್ಲ್ಯಾಕ್ ಏನನ್ನೂ ಕಳೆಯುವುದಿಲ್ಲ, ಹಾಗಾಗಿ ನಾಳೆ ಇನ್ನೊಂದು ರೂಪ ಬಂದರೂ ಅದರಿಂದ ಹೊಸ ಪ್ರತಿ ತೆಗೆಯಬಹುದು. ಓಪಸ್‌ನಿಂದ ಹಿಂದಕ್ಕೆ ಹೋಗಲು ದಾರಿಯಿಲ್ಲ. ಅಕ್ಕಿಯಿಂದ ಅವಲಕ್ಕಿ ಬರುವುದಿಲ್ಲ, ಭತ್ತ ಇಟ್ಟುಕೊಂಡವರಿಗೆ ಎರಡೂ ಸಿಗುತ್ತದೆ.

ಕಾರ್ಡು ಎಷ್ಟು ದೊಡ್ಡದು ಬೇಕು

ಸೀಡಿಯ ಲೆಕ್ಕ ಎಲ್ಲಕ್ಕೂ ಬುಡ. ಸೆಕೆಂಡಿಗೆ ದನಿಯ 44,100 ಅಳತೆ (ಮಾದರಿ), ಒಂದೊಂದಕ್ಕೆ 16 ಬಿಟ್, ಎರಡು ಚಾನೆಲ್: ಸೆಕೆಂಡಿಗೆ 14,11,200 ಬಿಟ್. ಗಂಟೆಗೆ 635 ಎಂಬಿ. ಫ್ಲ್ಯಾಕ್ ಇದನ್ನು ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲಿನೊಳಗೆ ತರುತ್ತದೆ, ಶೇ. 60 ಎಂದು ಹಿಡಿದರೆ ಗಂಟೆಗೆ 380 ಎಂಬಿ. ಒಂಟಿ ವೀಣೆ, ಒಂಟಿ ದನಿ ಇನ್ನೂ ಕುಗ್ಗುತ್ತದೆ. ಬ್ಯಾಂಡು, ಚೆಂಡೆ, ಚಪ್ಪಾಳೆ ಕುಗ್ಗುವುದಿಲ್ಲ. ವೋರ್ಬಿಸ್‌ನ ಗುಣಮಟ್ಟ 5 ಅಂದರೆ ಅಂದಾಜು 160 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಸಾವಿರ ಬಿಟ್), ಗಂಟೆಗೆ 72 ಎಂಬಿ. ಓಪಸ್ 128ಕ್ಕೆ 58 ಎಂಬಿ. ಹಾಗಾಗಿ 128 ಜಿಬಿ ಕಾರ್ಡಿನಲ್ಲಿ ಫ್ಲ್ಯಾಕ್ ಆದರೆ ಮುನ್ನೂರು ಗಂಟೆಗೆ ಮೇಲೆ, ಓಪಸ್ ಆದರೆ ಎರಡು ಸಾವಿರ ಗಂಟೆಗೆ ಮೇಲೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ನಡಿಗೆಯಲ್ಲಿ ಕೇಳುವವರಿಗೆ ಓಪಸ್ 128 ಧಾರಾಳ ಸಾಕು. ಹರಿಕಥೆ, ಗಮಕ, ಉಪನ್ಯಾಸದಂಥ ಮಾತೇ ಪ್ರಧಾನವಾದದ್ದಕ್ಕೆ 48 ಕೂಡ ಸಾಲುತ್ತದೆ.

ಫ್ಲ್ಯಾಕ್ ಮಾಡುವಾಗ 0ಯಿಂದ 8ರವರೆಗೆ ಕುಗ್ಗಿಸುವ ಮಟ್ಟ (ಕಂಪ್ರೆಷನ್) ಕೇಳುತ್ತದೆ. ಎಷ್ಟೇ ಇಟ್ಟರೂ ದನಿ ಒಂದೇ. 8 ಇಟ್ಟರೆ ತಯಾರಿಸುವ ಕಂಪ್ಯೂಟರಿಗೆ ಕೆಲಸ ಹೆಚ್ಚು, ಓದುವ ಪ್ಲೇಯರಿಗೆ ಹೆಚ್ಚುಕಡಿಮೆ ಅಷ್ಟೇ. 5ರಲ್ಲೇ ಬಿಡಿ, ಉಳಿಯುವ ಜಾಗ ಲೆಕ್ಕಕ್ಕೆ ಬರುವಷ್ಟಿಲ್ಲ.

ಪರೀಕ್ಷೆಯ ಕಾರ್ಡು

32 ಜಿಬಿಯ ಒಂದು ಕಾರ್ಡು ತೆಗೆದುಕೊಂಡು ಫ್ಯಾಟ್32 ಎಂಬ, ಕಾರ್ಡಿನಲ್ಲಿ ಫೈಲು ಜೋಡಿಸಿಡುವ ಹಳೆಯ ಪದ್ಧತಿಗೆ ಫಾರ್ಮ್ಯಾಟ್ ಮಾಡಿ. ದಿನನಿತ್ಯ ದೊಡ್ಡ ಕಾರ್ಡು ಹಾಕುವ ಯೋಚನೆಯಿದ್ದರೆ 64 ಜಿಬಿ ಅಥವಾ ಅದಕ್ಕಿಂತ ದೊಡ್ಡದನ್ನೂ ಜೊತೆಗೆ ಒಯ್ಯಿರಿ. 32 ಜಿಬಿಗೆ ಮೇಲ್ಪಟ್ಟ ಕಾರ್ಡುಗಳು ಅಂಗಡಿಯಿಂದ ಬರುವಾಗ ಎಕ್ಸ್‌ಫ್ಯಾಟ್ ಎಂಬ ಹೊಸ ಪದ್ಧತಿಯಲ್ಲಿರುತ್ತವೆ. ‘32 ಜಿಬಿವರೆಗೆ ಮಾತ್ರ’ ಎಂದು ಬರೆದಿರುವ ಎಷ್ಟೋ ಹಳೆಯ ಪ್ಲೇಯರುಗಳ ತೊಡಕು ಕಾರ್ಡಿನ ಗಾತ್ರವಲ್ಲ, ಎಕ್ಸ್‌ಫ್ಯಾಟ್ ಓದಲು ಬಾರದಿರುವುದು. ಅದೇ ಕಾರ್ಡನ್ನು ಫ್ಯಾಟ್32 ಮಾಡಿ ಹಾಕಿದರೆ ಸುಮ್ಮನೆ ಓದುತ್ತವೆ. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ ಬಹಳ ಕಾಲದಿಂದ 32 ಜಿಬಿಗೆ ಮೇಲೆ ಫ್ಯಾಟ್32 ಆಯ್ಕೆಯನ್ನೇ ತೋರಿಸದ ಕಾರಣ ಜನ ಇದನ್ನು ಪ್ಲೇಯರಿನ ದೋಷ ಅಂದುಕೊಂಡುಬಿಟ್ಟಿದ್ದಾರೆ. ಲಿನಕ್ಸ್‌ನಲ್ಲಿ ಆ ತೊಂದರೆಯಿಲ್ಲ, ವಿಂಡೋಸ್‌ಗೂ ಉಚಿತ ಸಲಕರಣೆಗಳಿವೆ.

ಕಾರ್ಡಿನಲ್ಲಿ ಮೊದಲು ಹೋಗಬೇಕಾದದ್ದು ಓಗ್ ಫೈಲುಗಳು, ಬಹುವಚನದಲ್ಲೇ. ಓಗ್ ಅನ್ನುವುದು ಬರಿಯ ಡಬ್ಬಿ. ಒಳಗೆ ವೋರ್ಬಿಸ್ ಇರಬಹುದು, ಓಪಸ್ ಇರಬಹುದು, ಫ್ಲ್ಯಾಕ್ ಕೂಡ ಇರಬಹುದು. ಪ್ಲೇಯರಿನ ಮೇಲೆ ‘ಓಗ್’ ಎಂದು ಬರೆದಿದ್ದರೆ ಅದು ನೂರಕ್ಕೆ ತೊಂಬತ್ತು ಸಲ ವೋರ್ಬಿಸ್ ಮಾತ್ರ. ಆದ್ದರಿಂದ ಒಂದು ವೋರ್ಬಿಸ್ ಫೈಲು, ಹೆಸರಿನ ಕೊನೆಗೆ ‘ಓಪಸ್’ ಎಂಬ ಬಾಲ (ಎಕ್ಸ್‌ಟೆನ್ಷನ್) ಇರುವ ಒಂದು ಓಪಸ್ ಫೈಲು, ಅದೇ ಓಪಸ್ ಫೈಲಿನ ಬಾಲವನ್ನು ಓ-ಜಿ-ಜಿ ಎಂದು ಬದಲಿಸಿದ ನಕಲು, ಹೀಗೆ ಮೂರು ಇರಲಿ. ಹಳೆಯ ಆಂಡ್ರಾಯ್ಡ್ ಯಂತ್ರಗಳ ಹಾಡು ಹುಡುಕುವ ಭಾಗ ‘ಓಪಸ್’ ಬಾಲವನ್ನು ಗುರುತಿಸದೆ ಬಿಟ್ಟುಬಿಡುತ್ತದೆ. ಬಾಲ ಬದಲಿಸಿದ ನಕಲು ಅಲ್ಲೇ ಹಾಡುತ್ತದೆ. ಎರಡನೆಯದು ಹಾಡದೆ ಮೂರನೆಯದು ಹಾಡಿದರೆ ಪ್ಲೇಯರಿಗೆ ಓಪಸ್ ಬರುತ್ತದೆ, ಹೆಸರು ಮಾತ್ರ ಗೊತ್ತಿಲ್ಲ ಎಂದರ್ಥ. ಎರಡೂ ಹಾಡದಿದ್ದರೆ ಬಾರದು.

ಫ್ಲ್ಯಾಕ್ ಮೂರು ಬಗೆ: 16 ಬಿಟ್ 44.1, 24 ಬಿಟ್ 96, 24 ಬಿಟ್ 192. ಎರಡನೆಯ ಅಂಕಿ ಸೆಕೆಂಡಿಗೆ ಎಷ್ಟು ಸಾವಿರ ಮಾದರಿ ಎಂಬುದು. ಅಗ್ಗದ ಪ್ಲೇಯರುಗಳಲ್ಲಿ ಡಿಕೋಡಿಂಗ್ ಕೆಲಸ ಮಾಡುವುದು ಒಂದೇ ಚಿಪ್ಪು. ಅದರ ಶಕ್ತಿ ಅಥವಾ ಮೆಮೊರಿ ಸಾಲದಾದಾಗ 192ರ ಫೈಲು ಒಂದೋ ತೆರೆಯುವುದಿಲ್ಲ, ಇಲ್ಲವೆ ಎರಡು ಸೆಕೆಂಡಿಗೊಮ್ಮೆ ತಡವರಿಸುತ್ತದೆ. ಮೊದಲ ಹತ್ತು ಸೆಕೆಂಡು ಕೇಳಿ ಬಿಡಬೇಡಿ, ಎರಡು ನಿಮಿಷ ಓಡಿಸಿ. 2022ರಲ್ಲಿ ಬಂದ ಫ್ಲ್ಯಾಕ್ 1.4ರಿಂದ 32 ಬಿಟ್ ಫೈಲನ್ನೂ ಮಾಡಬಹುದು. ಜೇಬಿನ ಪ್ಲೇಯರಿಗೆ ಅಂಥದನ್ನು ತಯಾರಿಸಬೇಡಿ. ಲಾಭವೇನೂ ಇಲ್ಲ, ಬಹುತೇಕ ಯಂತ್ರಗಳು ಅದನ್ನು ಓದುವುದಿಲ್ಲ.

ಮುಂದಿನದು ತಂಬೂರಿ ಪರೀಕ್ಷೆ. ರಾಗಂ ತಾನಂ ಪಲ್ಲವಿಯ ಧ್ವನಿಮುದ್ರಣ ಮೂರು ಟ್ರ್ಯಾಕಾಗಿ ಬಂದಿರುತ್ತದೆ, ಆದರೆ ಹಿಂದಿನ ಶ್ರುತಿ ನಿಲ್ಲದೆ ಹರಿಯುತ್ತಿರುತ್ತದೆ. ಪ್ಲೇಯರ್ ಎರಡು ಟ್ರ್ಯಾಕಿನ ನಡುವೆ ಒಂದು ಕ್ಷಣ ಕಡಿದರೂ ಕಿವಿಗೆ ಚುಚ್ಚುತ್ತದೆ. ಎಂಪಿ3ಯಲ್ಲಿ ದನಿಯನ್ನು 1,152 ಮಾದರಿಗಳ ಚೌಕಟ್ಟುಗಳಾಗಿ ಕತ್ತರಿಸುತ್ತಾರೆ, ಒಂದು ಚೌಕಟ್ಟು ಸುಮಾರು 26 ಮಿಲಿಸೆಕೆಂಡು. ಹಾಡು ಸರಿಯಾಗಿ ಚೌಕಟ್ಟಿನ ಗಡಿಯಲ್ಲೇ ಮುಗಿಯುವುದಿಲ್ಲವಾದ್ದರಿಂದ ಹಿಂದೆ ಮುಂದೆ ಖಾಲಿ ತುಂಬಿಸಬೇಕು. ಎಷ್ಟು ತುಂಬಿಸಿದೆ ಎಂದು ಬರೆದಿಡುವ ಜಾಗ ಮೂಲ ವಿವರದಲ್ಲಿ ಇಲ್ಲ. ಲೇಮ್ ಎಂಬ ತಂತ್ರಾಂಶ ಆಮೇಲೆ ತಾನೇ ಒಂದು ಪಟ್ಟಿ ಸೇರಿಸಿತು, ಅದನ್ನು ಓದುವ ಪ್ಲೇಯರೂ ಇದೆ, ಓದದ್ದೂ ಇದೆ. ಫ್ಲ್ಯಾಕ್, ವೋರ್ಬಿಸ್, ಓಪಸ್ ಮೂರರಲ್ಲೂ ನಿಖರವಾದ ಉದ್ದ ಫೈಲಿನೊಳಗೇ ಇರುತ್ತದೆ. ಹಾಗಿದ್ದೂ ಕಡಿತ ಕೇಳಿಸಿದರೆ ತಪ್ಪು ಪ್ಲೇಯರಿನದೇ: ಒಂದು ಮುಗಿಯುವ ಮೊದಲು ಮುಂದಿನದನ್ನು ತೆರೆದಿಟ್ಟುಕೊಳ್ಳುವ ಬುದ್ಧಿ ಅದಕ್ಕಿಲ್ಲ.

ಪರೀಕ್ಷೆಯ ಫೈಲು ಮಾಡುವುದು ಸುಲಭ. ಎಲೆಕ್ಟ್ರಾನಿಕ್ ತಂಬೂರಿಯ ಒಂದು ನಿಮಿಷದ ಶ್ರುತಿಯನ್ನು ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ತೆರೆಯಿರಿ. ಮೊದಲಿಗೊಂದು, ಮೂವತ್ತನೇ ಸೆಕೆಂಡಿಗೊಂದು ಲೇಬಲ್ ಹಾಕಿ. ಲೇಬಲ್ ಪ್ರಕಾರ ಹಲವು ಫೈಲಾಗಿ ರಫ್ತು ಮಾಡುವ ಆಯ್ಕೆಯಲ್ಲಿ ಫ್ಲ್ಯಾಕ್‌ಗೊಮ್ಮೆ, ವೋರ್ಬಿಸ್‌ಗೊಮ್ಮೆ, ಓಪಸ್‌ಗೊಮ್ಮೆ ಕೊಡಿ. ಮೀಟು ಬೀಳುವ ಜಾಗದಲ್ಲಿ ಕತ್ತರಿಸಬೇಡಿ. ಎರಡು ಮೀಟಿನ ನಡುವೆ ನಾದ ಸಮವಾಗಿ ತೇಲುತ್ತಿರುವಲ್ಲಿ ಕತ್ತರಿಸಿದರೆ ಸಣ್ಣ ‘ಟಿಕ್’ ಕೂಡ ಅಡಗಿಕೊಳ್ಳಲಾರದು.

ಆಮೇಲೆ ಉದ್ದದ ಫೈಲು. ಇದು ನಮ್ಮ ಕಡೆಯವರಿಗೇ ಹೆಚ್ಚು ಬೇಕಾದದ್ದು, ಯಾಕೆಂದರೆ ರಾತ್ರಿಯಿಡೀ ನಡೆಯುವ ಯಕ್ಷಗಾನ ಮೂರು ನಿಮಿಷದ ಹಾಡಲ್ಲ. ಎಂಟು ಗಂಟೆಯ ಆಟವನ್ನು 24 ಬಿಟ್ 96ರಲ್ಲಿ ಮುದ್ರಿಸಿದರೆ ವೇವ್ 16.6 ಜಿಬಿ ಆಗುತ್ತದೆ, ಶೇ. 60ರ ಫ್ಲ್ಯಾಕ್ ಸುಮಾರು 10 ಜಿಬಿ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ವೇವ್‌ನ ತಲೆಬರಹದಲ್ಲೂ ಗಾತ್ರಕ್ಕೆ ಇರುವುದು 32 ಬಿಟ್ಟೇ, ಅಂದರೆ ಅದೇ 4 ಜಿಬಿ. ಸೀಡಿ ಗುಣಮಟ್ಟದಲ್ಲಿ ಆರೂಮುಕ್ಕಾಲು ಗಂಟೆ, 24-96ರಲ್ಲಿ ಎರಡು ಗಂಟೆ ನಾಲ್ಕು ನಿಮಿಷಕ್ಕೆ ಅದು ತುಂಬಿಹೋಗುತ್ತದೆ. ಮುದ್ರಣ ಅಲ್ಲಿಗೆ ನಿಂತಿತು ಎಂದರೆ ಮೆಷಿನ್ ಕೆಟ್ಟದ್ದಲ್ಲ, ಗೋಡೆ ಬಂದದ್ದು. ಅದೇ ಎಂಟು ಗಂಟೆ ಓಪಸ್ 96ರಲ್ಲಿ 346 ಎಂಬಿ.

ಉದ್ದದ ಫೈಲಿನಲ್ಲಿ ನೋಡಬೇಕಾದದ್ದು ಎರಡು. ಒಂದು, ಮೂರನೇ ಗಂಟೆಗೆ ಹಾರಿದರೆ ಎಷ್ಟು ಹೊತ್ತಿಗೆ ದನಿ ಬರುತ್ತದೆ. ಓಗ್ ಫೈಲಿನಲ್ಲಿ ಪುಟಸೂಚಿ ಇರುವುದಿಲ್ಲ. ಪ್ಲೇಯರ್ ಮಧ್ಯಕ್ಕೆ ಹೋಗಿ ಸಮಯ ನೋಡಿ, ಮತ್ತೆ ಅರ್ಧಕ್ಕೆ ಹೋಗಿ, ಹೀಗೆ ಹುಡುಕಿಕೊಳ್ಳಬೇಕು. ಸರಿಯಾಗಿ ಬರೆದ ಫರ್ಮ್‌ವೇರ್‌ಗೆ (ಪ್ಲೇಯರನ್ನು ನಡೆಸುವ ಒಳಗಿನ ತಂತ್ರಾಂಶ) ಇದು ಕ್ಷಣದ ಕೆಲಸ. ಕೆಟ್ಟದಾಗಿ ಬರೆದದ್ದು ಮೊದಲಿನಿಂದ ಓದಿಕೊಂಡು ಬರುತ್ತದೆ, ನೀವು ಚಹಾ ಕುಡಿದು ಬರಬಹುದು. ಎರಡು, ಆರಿಸಿ ಮತ್ತೆ ಹಚ್ಚಿದಾಗ ಬಿಟ್ಟಲ್ಲಿಂದಲೇ ಶುರುವಾಗುತ್ತದೆಯೇ. ಬುಕ್‌ಮಾರ್ಕ್ ಇಲ್ಲದ ಪ್ಲೇಯರಿನಲ್ಲಿ ಐದು ಗಂಟೆಯ ಹರಿಕಥೆ ಕೇಳುವುದು ಶಿಕ್ಷೆ.

ಇನ್ನು ಫೋಲ್ಡರಿನ ಸರದಿ. 01ರಿಂದ 12ರವರೆಗೆ ಹೆಸರಿಟ್ಟ ಹನ್ನೆರಡು ಸಣ್ಣ ಫೈಲುಗಳನ್ನು ಬೇಕೆಂದೇ ಹನ್ನೆರಡರಿಂದ ಹಿಂದಕ್ಕೆ ಒಂದೊಂದಾಗಿ ಕಾಪಿ ಮಾಡಿ. ಪ್ಲೇಯರ್ 12ರಿಂದ ಹಾಡಲು ಶುರು ಮಾಡಿದರೆ ಅದು ಹೆಸರಿನ ಕ್ರಮ ನೋಡುತ್ತಿಲ್ಲ, ಕಾರ್ಡಿನಲ್ಲಿ ಬರೆದ ಕ್ರಮವನ್ನೇ ಓದುತ್ತಿದೆ. ಇದೊಂದೇ ಕಾರಣಕ್ಕೆ ಕೈಬಿಡಬೇಕಿಲ್ಲ. ಲಿನಕ್ಸ್‌ನ ಫ್ಯಾಟ್‌ಸಾರ್ಟ್ ಎಂಬ ಸಲಕರಣೆ ಆ ಕ್ರಮವನ್ನು ಸರಿಪಡಿಸುತ್ತದೆ. ಅಂಕಿಗಳನ್ನು ಮಾತ್ರ ಎಲ್ಲಕ್ಕೂ ಒಂದೇ ಬಗೆಯಲ್ಲಿ ಬರೆಯಿರಿ. ಕೆಲವಕ್ಕೆ 1, 2, ಕೆಲವಕ್ಕೆ ೧, ೨ ಎಂದು ಬೆರೆಸಿದರೆ ಕನ್ನಡ ಅಂಕಿಯವು ಎಲ್ಲ ಕೊನೆಗೆ ಹೋಗಿ ಕೂರುತ್ತವೆ.

ಮುಖಚಿತ್ರಕ್ಕೆ ಎರಡು ಫೈಲು: ಒಂದರಲ್ಲಿ 500 ಪಿಕ್ಸೆಲ್‌ನ ಸಾದಾ ಜೆಪೆಗ್, ಇನ್ನೊಂದರಲ್ಲಿ 3,000 ಪಿಕ್ಸೆಲ್‌ನ ‘ಪ್ರೋಗ್ರೆಸಿವ್’ ಜೆಪೆಗ್. ಎರಡನೆಯದಕ್ಕೆ ಬಹಳ ಪ್ಲೇಯರುಗಳು ಖಾಲಿ ಚೌಕ ತೋರಿಸುತ್ತವೆ, ಕೆಲವು ಹಾಡು ಶುರು ಮಾಡಲು ಮೂರು ನಾಲ್ಕು ಸೆಕೆಂಡು ಒದ್ದಾಡುತ್ತವೆ. ಜಾಲದಿಂದ ಇಳಿಸಿದ ಆಲ್ಬಮ್ಮುಗಳಲ್ಲಿ ಇಂಥ ಚಿತ್ರಗಳೇ ಹೆಚ್ಚು. ಚಿತ್ರವನ್ನು ಕುಗ್ಗಿಸಿಕೊಂಡರೆ ಮುಗಿಯಿತು.

ಕೊನೆಯದಾಗಿ 60 ಡೆಸಿಬೆಲ್‌ನಷ್ಟು ತಗ್ಗಿಸಿದ ಒಂದು ಸಣ್ಣ ನಾದ, ಒಂದು ನಿಮಿಷ. ಇದು ಹಾಡುತ್ತಿರುವಾಗ ನಿಮ್ಮದೇ ಇಯರ್‌ಫೋನ್ ಹಾಕಿ, ಹಿಂದೆ ‘ಸುಶ್’ ಅನ್ನುವ ಗಾಳಿಸದ್ದು ಎಷ್ಟಿದೆ ಕೇಳಿ. ಪೂರ್ತಿ ನಿಶ್ಶಬ್ದದ ಫೈಲು ಇಟ್ಟರೆ ಉಪಯೋಗವಿಲ್ಲ. ಸೊನ್ನೆ ಕಂಡ ಕೂಡಲೇ ದನಿಯ ದಾರಿಯನ್ನೇ ಮುಚ್ಚಿ ಸಾಚಾ ಅನ್ನಿಸಿಕೊಳ್ಳುವ ಪ್ಲೇಯರುಗಳಿವೆ.

ಕನ್ನಡದ ಹೆಸರುಗಳು

ಹಾಡಿನ ಹೆಸರು, ಹಾಡಿದವರು ಇಂಥ ವಿವರವನ್ನು ಫೈಲಿನೊಳಗೇ ಬರೆದಿಡುವ ಜಾಗಕ್ಕೆ ಟ್ಯಾಗು ಅನ್ನುತ್ತಾರೆ. ವೋರ್ಬಿಸ್, ಓಪಸ್, ಫ್ಲ್ಯಾಕ್ ಮೂರರ ಟ್ಯಾಗೂ ಒಂದೇ ಬಗೆ: ಎಡಗಡೆ ಇಂಗ್ಲಿಷಿನಲ್ಲಿ ಕಾಲಂನ ಹೆಸರು, ಬಲಗಡೆ ಎಲ್ಲ ಲಿಪಿಗೂ ಒದಗುವ ಯುಟಿಎಫ್-8 ಸಂಕೇತದಲ್ಲಿ ಏನು ಬೇಕಾದರೂ. ಕಾಲಂಗಳನ್ನು ನೀವೇ ಹುಟ್ಟಿಸಬಹುದು. ರಾಗಕ್ಕೊಂದು, ತಾಳಕ್ಕೊಂದು, ಪಕ್ಕವಾದ್ಯದವರಿಗೆ ಎರಡು ಮೂರು ಎಂದು ಸೇರಿಸಿ, ಕನ್ನಡದಲ್ಲೇ ತುಂಬಬಹುದು. ಟ್ಯಾಗು ತಿದ್ದುವ ತಂತ್ರಾಂಶಗಳಾದ ಕಿಡ್3, ಪಿಕಾರ್ಡ್ ಎರಡರಲ್ಲೂ ಇದು ಸಾಧ್ಯ. ಹೆಚ್ಚಿನ ಪ್ಲೇಯರುಗಳು ಈ ಹೆಚ್ಚುವರಿ ಕಾಲಂ ತೋರಿಸುವುದಿಲ್ಲ ನಿಜ, ಆದರೆ ಮಾಹಿತಿ ಫೈಲಿನ ಜೊತೆಗೇ ಉಳಿಯುತ್ತದೆ.

ಎಂಪಿ3ಯ ಹಳೆಯ ಟ್ಯಾಗಿನಲ್ಲಿ ಹೆಸರಿಗೆ ಇರುವುದು 30 ಬೈಟು. ಇಂಗ್ಲಿಷಿಗೆ ಅದು 30 ಅಕ್ಷರ. ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟು ಬೇಕು, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಕೂಡ ಲೆಕ್ಕಕ್ಕೆ ಸೇರುತ್ತವೆ. ‘ಕರ್ನಾಟಕ ಸಂಗೀತ’ ಎಂದು ತುಂಬಿಸಲು ನೋಡಿ. ‘ಕರ್ನಾಟಕ’ ಏಳು ಸಂಕೇತ, 21 ಬೈಟು, ಖಾಲಿಜಾಗ 1, ‘ಸಂ’ 6. ಇಲ್ಲಿಗೆ 28. ಉಳಿದ ಎರಡು ಬೈಟಿನಲ್ಲಿ ‘ಗ’ ಹಿಡಿಸದು, ಅರ್ಧಕ್ಕೇ ಕತ್ತರಿಸುತ್ತದೆ. ತೆರೆಯ ಮೇಲೆ ‘ಕರ್ನಾಟಕ ಸಂ’ ಆಮೇಲೆ ಒಂದು ಚೌಕ. ಟ್ಯಾಗಿನ ಎರಡನೇ ಪೀಳಿಗೆಯಲ್ಲಿ ಈ ಮಿತಿ ಇಲ್ಲ. ತೊಂದರೆ ಬರುವುದು ಹಳೆಯದನ್ನೇ ಓದುವ ಅಗ್ಗದ ಪ್ಲೇಯರುಗಳಲ್ಲಿ.

ಬೈಟು ಸರಿಯಿದ್ದರೂ ಸಾಲದು. ಕನ್ನಡದ ಫಾಂಟು ಬೇಕು, ಅದರ ಜೊತೆಗೆ ಒತ್ತಕ್ಷರ ಕೂಡಿಸುವ ವ್ಯವಸ್ಥೆಯೂ ಬೇಕು. ‘ಕರ್ನಾಟಕ’ದಲ್ಲಿ ‘ರ್’ ಮೊದಲು ಬರುತ್ತದೆ, ಬರೆಯುವಾಗ ಅರ್ಕಾವತ್ತಾಗಿ ‘ನಾ’ ಆದ ಮೇಲೆ ಹೋಗಿ ನಿಲ್ಲುತ್ತದೆ. ಸಂಕೇತಗಳನ್ನು ಬಂದ ಸಾಲಿನಲ್ಲೇ ಪಕ್ಕಪಕ್ಕ ಇಡುವ ಪ್ಲೇಯರಿಗೆ ಈ ಜಿಗಿತ ಗೊತ್ತಿಲ್ಲ. ಪರೀಕ್ಷೆಯ ಫೈಲಿನ ಹೆಸರಿನಲ್ಲಿ ‘ಕರ್ನಾಟಕ’, ‘ಕೃಷ್ಣ’, ‘ಶ್ರೀ’ ಈ ಮೂರನ್ನೂ ಇಡಿ; ಅರ್ಕಾವತ್ತು, ಒತ್ತು, ಸ್ವರಚಿಹ್ನೆ ಎಲ್ಲದರ ಬಣ್ಣ ಬಯಲಾಗುತ್ತದೆ. ಆಂಡ್ರಾಯ್ಡ್ ಇರುವ ಪ್ಲೇಯರುಗಳು ಇದರಲ್ಲಿ ಸಾಮಾನ್ಯವಾಗಿ ಪಾಸು, ಬಟನ್ನಿನ ಅಗ್ಗದ ಪ್ಲೇಯರುಗಳು ಸಾಮಾನ್ಯವಾಗಿ ನಪಾಸು. ನಪಾಸಾದರೆ ಜೇಬಿನ ಪ್ರತಿಗೆ ಮಾತ್ರ ಇಂಗ್ಲಿಷ್ ಲಿಪಿಯ ಹೆಸರು ಕೊಟ್ಟು, ಮನೆಯ ಮೂಲಪ್ರತಿಯನ್ನು ಕನ್ನಡದಲ್ಲೇ ಉಳಿಸಿಕೊಳ್ಳಿ. ಹಳೆಯ ನುಡಿ, ಬರಹದ ಆಸ್ಕಿ ಫಾಂಟಿನಲ್ಲಿ ಬರೆದ ಟ್ಯಾಗುಗಳಿದ್ದರೆ ಅವು ಎಲ್ಲೆಡೆಯೂ ಪೌಂಡಿನ ಗುರುತು, ತಲೆಯ ಮೇಲೆ ಗೆರೆಯಿರುವ ಅಕ್ಷರ ಎಂದೇ ಕಾಣುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ.

ಯಾವ ಯಂತ್ರ

ಮಾರುಕಟ್ಟೆಯಲ್ಲಿ ಇರುವುದು ಮೂರು ಜಾತಿ. ಕಂಪನಿಯದೇ ಮುಚ್ಚಿದ ಫರ್ಮ್‌ವೇರ್ ಇರುವ ಸಣ್ಣ ಪ್ಲೇಯರುಗಳು ಮೊದಲನೆಯವು. ಕೊಂಡ ದಿನ ಏನು ಬರುತ್ತದೋ ಅದೇ ಕೊನೆತನಕ ಎಂದು ತಿಳಿದೇ ಕೊಳ್ಳಿ. ‘ಮುಂದಿನ ಅಪ್‌ಡೇಟ್‌ನಲ್ಲಿ ಓಪಸ್ ಬರುತ್ತೆ’ ಎಂಬ ಮಾತಿಗೆ ದುಡ್ಡು ಕೊಡಬೇಡಿ. ಎರಡನೆಯದು ಆಂಡ್ರಾಯ್ಡ್ ಪ್ಲೇಯರುಗಳು: ಸೋನಿಯ ಎ300 ಸರಣಿ, ಹೈಬಿ, ಫಿಯೋದ ದೊಡ್ಡ ಮಾದರಿಗಳು. ಆಂಡ್ರಾಯ್ಡ್ ವೋರ್ಬಿಸ್ ಅನ್ನು ಮೊದಲಿನಿಂದಲೂ, ಫ್ಲ್ಯಾಕ್ ಅನ್ನು 3.1ರಿಂದ, ಓಪಸ್ ಅನ್ನು 5.0ಯಿಂದ ಓದುತ್ತದೆ, ಕಂಪನಿಯ ಆ್ಯಪ್ ಹಿಡಿಸದಿದ್ದರೆ ವಿಎಲ್‌ಸಿ ಹಾಕಿಕೊಳ್ಳಬಹುದು. ಬೆಲೆ ಹೆಚ್ಚು, ಚಾರ್ಜು ಬೇಗ ಇಳಿಯುತ್ತದೆ.

ಮೂರನೆಯದು ರಾಕ್‌ಬಾಕ್ಸ್ ಹಾಕಬಹುದಾದವು, ನಮಗೆ ಹೆಚ್ಚು ಇಷ್ಟವಾದವು. ರಾಕ್‌ಬಾಕ್ಸ್ ಅಂದರೆ 2001ರಲ್ಲಿ ಆರ್ಕೋಸ್ ಪ್ಲೇಯರುಗಳಿಗಾಗಿ ಶುರುವಾದ ಮುಕ್ತ ಫರ್ಮ್‌ವೇರ್, 4.0 ಆವೃತ್ತಿ 2025ರಲ್ಲಿ ಬಂತು. ಮುಕ್ತ ರೂಪಗಳಷ್ಟೇ ಅಲ್ಲ, ಕೇಳರಿಯದ ರೂಪಗಳನ್ನೂ ಓದುತ್ತದೆ. ವೋರ್ಬಿಸ್, ಫ್ಲ್ಯಾಕ್ ಎರಡನ್ನೂ ಕಂಪನಿ ಎಂದೂ ಒಪ್ಪಿಕೊಳ್ಳದ ಆಪಲ್ ಐಪಾಡ್ ವಿಡಿಯೊ, ಐಪಾಡ್ ಕ್ಲಾಸಿಕ್‌ಗಳು ಕೂಡ ಇದು ಹಾಕಿದ ಮೇಲೆ ಎರಡನ್ನೂ ಹಾಡುತ್ತವೆ. ಸ್ಯಾನ್‌ಡಿಸ್ಕ್‌ನ ಸ್ಯಾನ್ಸಾ ಕ್ಲಿಪ್ ಪ್ಲಸ್, ಕ್ಲಿಪ್ ಜಿಪ್ ಈಗ ಹಳೆಯ ಸರಕು. ಹೊಸದರಲ್ಲಿ ಸರ್ಫಾನ್ಸ್ ಎಫ್20, ಹೈಫೈ ವಾಕರ್ ಎಚ್2, ಎಕ್ಸ್‌ಡುವೊ ಎಕ್ಸ್3-2 ಇಂಥವಕ್ಕೆ ರಾಕ್‌ಬಾಕ್ಸ್ ಇದೆ. ಒಂದೇ ಹೆಸರಿನಲ್ಲಿ ಒಳಗಿನ ಭಾಗ ಬದಲಾಗುತ್ತ ಹೋಗುವುದುಂಟು, ಕೊಳ್ಳುವ ಮೊದಲು ರಾಕ್‌ಬಾಕ್ಸ್‌ನ ತಾಣದಲ್ಲಿ ನಿಮ್ಮ ಮಾದರಿಯ ಪುಟ ಓದಿಕೊಳ್ಳಿ.

ಕ್ಲಿಪ್ ಪ್ಲಸ್‌ನಲ್ಲಿ ಹಾಕುವ ಬಗೆ ಹೀಗೆ. ಪೂರ್ತಿ ಚಾರ್ಜ್ ಮಾಡಿ. ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಮೋಡ್ ಅನ್ನು ಎಂಟಿಪಿಯಿಂದ ಎಂಎಸ್‌ಸಿಗೆ ಬದಲಿಸಿ. ಇದನ್ನು ಮರೆತರೆ ಕಂಪ್ಯೂಟರಿಗೆ ಅದು ಡ್ರೈವ್ ಆಗಿ ಕಾಣುವುದೇ ಇಲ್ಲ, ಜನ ಎಡವುವುದು ಇಲ್ಲೇ. ಕಂಪ್ಯೂಟರಿನಲ್ಲಿ ರಾಕ್‌ಬಾಕ್ಸ್ ಯುಟಿಲಿಟಿ ಎಂಬ ಸಲಕರಣೆ ತೆರೆದು ಮಾದರಿ ಆರಿಸಿ. ಅದು ಕಂಪನಿಯ ಮೂಲ ಫರ್ಮ್‌ವೇರ್ ಫೈಲನ್ನು ಕೇಳುತ್ತದೆ, ಸರಿಯಾದ ಆವೃತ್ತಿಯದನ್ನೇ ಕೊಡಿ. ಕೆಲಸ ಮುಗಿದ ಮೇಲೆ ಸುರಕ್ಷಿತವಾಗಿ ಬಿಡಿಸಿ. ಪ್ಲೇಯರ್ ತಾನೇ ಅಪ್‌ಡೇಟ್ ಮಾಡಿಕೊಂಡು ಏಳುತ್ತದೆ. ಹಚ್ಚುವಾಗ ಎಡಗಡೆಯ ಬಟನ್ ಒತ್ತಿ ಹಿಡಿದರೆ ಹಳೆಯ ಫರ್ಮ್‌ವೇರೇ ಬರುತ್ತದೆ, ಹಾಗಾಗಿ ಕಳೆದುಕೊಳ್ಳುವುದು ಏನೂ ಇಲ್ಲ. ಇದರಲ್ಲಿ ಕಾರ್ಡು ಫ್ಯಾಟ್32ರಲ್ಲೇ ಇರಬೇಕು.

ರಾಕ್‌ಬಾಕ್ಸ್‌ನ ಕೊರತೆ ಕನ್ನಡವೇ. ಒತ್ತಕ್ಷರ ಕೂಡಿಸುವುದು ಅದಕ್ಕೆ ಬರುವುದಿಲ್ಲ. ಆದರೆ ಫೋಲ್ಡರುಗಳ ಹೆಸರನ್ನು ಓದಿ ಹೇಳುವ ವ್ಯವಸ್ಥೆ ಅದರಲ್ಲಿದೆ: ಫೋಲ್ಡರಿಗೊಂದು ಪುಟ್ಟ ಧ್ವನಿ ತುಣುಕು ಇಟ್ಟರೆ ಅಲ್ಲಿಗೆ ಹೋದಾಗ ಅದು ಕೇಳಿಸುತ್ತದೆ. ಬರಹವನ್ನು ಓದಿ ಹೇಳುವ ಇ-ಸ್ಪೀಕ್ ಎನ್‌ಜಿ ತಂತ್ರಾಂಶದಲ್ಲಿ ಕನ್ನಡದ ದನಿಯೂ ಇದೆ, ತುಸು ಯಂತ್ರದಂತೆ ಮಾತಾಡಿದರೂ ಅರ್ಥವಾಗುತ್ತದೆ. ಕಣ್ಣು ಕಾಣದವರಿಗೆ ಪ್ಲೇಯರ್ ಕೊಡಿಸುವವರು ಇದನ್ನು ಗಮನಿಸಬೇಕು. ನಯವಾದ ಟಚ್ ಪರದೆಗಿಂತ ಕೈಗೆ ತಾಗುವ ಬಟನ್ನು, ಕಿವಿಗೆ ಬೀಳುವ ಹೆಸರು ಎಷ್ಟೋ ಮೇಲು.

ಹೆಡ್‌ಫೋನಿನ ಬಗ್ಗೆ ಒಂದೇ ಮಾತು: ಪ್ಲೇಯರಿನ ಔಟ್‌ಪುಟ್ ಇಂಪೀಡೆನ್ಸ್ (ಓಮಿನಲ್ಲಿ ಅಳೆಯುವ ವಿದ್ಯುತ್ ತಡೆ) ನಿಮ್ಮ ಇಯರ್‌ಫೋನಿನದರ ಎಂಟನೇ ಒಂದಕ್ಕಿಂತ ಕಡಿಮೆಯಿರಲಿ. 16 ಓಮಿನ ಇಯರ್‌ಫೋನಿಗೆ 2 ಓಮಿನೊಳಗೆ. ಬ್ಲೂಟೂತಿನಲ್ಲಿ ಕೇಳುವುದಾದರೆ ಫ್ಲ್ಯಾಕ್ ತುಂಬಿಸಿಕೊಂಡು ಜಾಗ ಹಾಳು ಮಾಡಬೇಡಿ; ಗಾಳಿಯಲ್ಲಿ ಹೋಗುವ ಮೊದಲು ಅದು ಎಸ್‌ಬಿಸಿ, ಎಲ್‌ಡಿಎಸಿಯಂಥ ಬ್ಲೂಟೂತ್ ರೂಪಕ್ಕೆ ಮತ್ತೆ ಹಿಂಡಲ್ಪಡುತ್ತದೆ.

ಕಾರ್ಡು ಕೊಳ್ಳುವಾಗಲೂ ಎಚ್ಚರ. 256 ಎಂದು ಬರೆದು ಒಳಗೆ 16 ಇರುವ ನಕಲಿಗಳಿವೆ. ಅವು ತುಂಬುವವರೆಗೂ ಸರಿಯಾಗೇ ನಡೆದು, ಆಮೇಲೆ ಹಳೆಯ ಹಾಡುಗಳ ಮೇಲೆಯೇ ಹೊಸದನ್ನು ಬರೆಯುತ್ತವೆ. ಲಿನಕ್ಸ್, ಮ್ಯಾಕ್‌ನಲ್ಲಿ ಎಫ್3, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ಸಲಕರಣೆ ಪೂರ್ತಿ ತುಂಬಿಸಿ ವಾಪಸ್ ಓದಿ ನಿಜ ಹೇಳುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ. ಹಾಡು ತುಂಬಿದ ಮೇಲೆ ಫ್ಲ್ಯಾಕ್‌ಗಳನ್ನು ಪರೀಕ್ಷೆಯ ಆಯ್ಕೆಯಲ್ಲಿ ಓಡಿಸಿ. ಪ್ರತಿ ಫೈಲಿನೊಳಗೂ ಮೂಲ ದನಿಯ ಎಂಡಿ5 ಮೊಹರು ಇರುವುದರಿಂದ ಒಂದು ಬಿಟ್ ಕೆಟ್ಟಿದ್ದರೂ ಗೊತ್ತಾಗುತ್ತದೆ. ಎಂಪಿ3ಗೆ ಇಂಥ ಮೊಹರಿಲ್ಲ.

ಸಭೆಯಿಂದ ಬಂದ ಪ್ರಶ್ನೆಗಳು

ಫೋನ್ ಇರುವಾಗ ಇದೆಲ್ಲ ಯಾಕೆ? ಕಾರ್ಡಿನ ಕಿಂಡಿ, ಹೆಡ್‌ಫೋನ್ ತೂತು ಎರಡೂ ಇರುವ ಹಳೆಯ ಆಂಡ್ರಾಯ್ಡ್ ಫೋನ್ ಮನೆಯಲ್ಲಿದ್ದರೆ ಬೇರೆ ಏನೂ ಕೊಳ್ಳಬೇಡಿ. ಸಿಮ್ ತೆಗೆದು ಏರ್‌ಪ್ಲೇನ್ ಮೋಡ್‌ಗೆ ಹಾಕಿದರೆ ಅದೇ ಒಳ್ಳೆಯ ಪ್ಲೇಯರ್. ಬ್ಯಾಟರಿ ಉಬ್ಬಿಲ್ಲ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಮೇಜಿನ ಮೇಲೆ ಅಂಗಾತ ಇಟ್ಟಾಗ ಗಿರಕಿ ಹೊಡೆದರೆ ಉಬ್ಬಿದೆ ಅಂತಲೇ.

ಇರುವ ಎಂಪಿ3ಗಳನ್ನೆಲ್ಲ ಓಪಸ್‌ಗೆ ಬದಲಿಸಬಹುದೇ? ಬೇಡ. ಒಮ್ಮೆ ಕಳೆದದ್ದರ ಮೇಲೆ ಇನ್ನೊಮ್ಮೆ ಕಳೆಯುತ್ತದೆ. ಎಂಪಿ3ಯನ್ನು ಫ್ಲ್ಯಾಕ್ ಮಾಡಿದರೆ ಜಾಗ ನಾಲ್ಕೈದು ಪಟ್ಟಾಗುತ್ತದೆ, ದನಿ ಹಾಗೇ ಉಳಿಯುತ್ತದೆ. ಮೂಲ ಸೀಡಿ ಇದ್ದರೆ ಅದರಿಂದ ಹೊಸದಾಗಿ ತೆಗೆಯಿರಿ, ಇಲ್ಲದಿದ್ದರೆ ಎಂಪಿ3 ಆಗಿಯೇ ಇರಲಿ.

ಓಪಸ್ ಹಾಡುಗಳು ಮಾತ್ರ ಸಣ್ಣ ದನಿಯಲ್ಲಿ ಕೇಳುತ್ತವೆ, ಯಾಕೆ? ದನಿಯ ಮಟ್ಟ ಸಮ ಮಾಡುವ ಟ್ಯಾಗಿನ ಲೆಕ್ಕ ಬೇರೆ. ಓಪಸ್‌ನ ಆಧಾರ ಮಟ್ಟ ಋಣ 23 ಡೆಸಿಬೆಲ್, ಉಳಿದ ರೂಪಗಳಲ್ಲಿ ಬಳಕೆಯಲ್ಲಿರುವ ಈಗಿನ ರಿಪ್ಲೇಗೇನ್ ಟ್ಯಾಗಿನದು ಋಣ 18. ಈ ವ್ಯತ್ಯಾಸ ತಿಳಿಯದ ಪ್ಲೇಯರಿನಲ್ಲಿ ಓಪಸ್ 5 ಡೆಸಿಬೆಲ್ ತಗ್ಗಿಯೇ ಬರುತ್ತದೆ. ಇಡೀ ಕಾರ್ಡನ್ನು ಒಂದೇ ರೂಪದಲ್ಲಿ ತುಂಬಿಸಿದರೆ ಈ ರಗಳೆಯಿಲ್ಲ.

ಹಳೆಯ ಕ್ಯಾಸೆಟ್ಟುಗಳನ್ನು ಯಾವ ಮಟ್ಟದಲ್ಲಿ ಇಳಿಸಬೇಕು? 16 ಬಿಟ್ 44.1 ಸಾಕು, ಮಟ್ಟ ಹೊಂದಿಸುವಾಗ ಕೈತಪ್ಪುತ್ತದೆಂಬ ಅಂಜಿಕೆಯಿದ್ದರೆ 24 ಬಿಟ್. ತೊಂಬತ್ತು ನಿಮಿಷದ ಕ್ಯಾಸೆಟ್ಟು ಫ್ಲ್ಯಾಕ್‌ನಲ್ಲಿ ಸುಮಾರು 570 ಎಂಬಿ ಆಗುತ್ತದೆ. ಟೇಪಿನ ಹಿನ್ನೆಲೆ ಸದ್ದು ಕುಗ್ಗದ ಕಾರಣ ಇನ್ನೂ ಸ್ವಲ್ಪ ಹೆಚ್ಚೇ ಆಗಬಹುದು. ಮೂಲ ಮುದ್ರಣ ಮೊನೊ ಆಗಿದ್ದರೆ ಎರಡೂ ಚಾನೆಲ್‌ನಲ್ಲಿ ಇರುವುದು ಒಂದೇ ದನಿ, ಆದರೆ ಟೇಪು ಓದುವ ಹೆಡ್ಡು ಚೂರು ಓರೆಯಿರುವುದರಿಂದ ಬಿಟ್ಟಿಗೆ ಬಿಟ್ಟು ಒಂದೇ ಆಗಿರುವುದಿಲ್ಲ, ಫ್ಲ್ಯಾಕ್‌ಗೆ ಅದನ್ನು ಒಂದೆಂದು ಹಿಡಿಯಲಾಗುವುದಿಲ್ಲ. ಎರಡನ್ನೂ ಬೆರೆಸಿ ಮೊನೊ ಮಾಡಿದರೆ ಅದೇ ಓರೆಯಿಂದ ಮೇಲಿನ ಸ್ಥಾಯಿ ಮಂಕಾಗುತ್ತದೆ. ಎರಡನ್ನೂ ಬೇರೆ ಬೇರೆ ಕೇಳಿ, ಶುದ್ಧವಾಗಿರುವ ಒಂದು ಚಾನೆಲ್ ಇಟ್ಟುಕೊಂಡು ಇನ್ನೊಂದನ್ನು ಬಿಡಿ.